ಸಂಜೆ ದಾಟಿದ ಎಣ್ಣೆ

ನಮ್ಮೂರಿನಲ್ಲಿ ಎಣ್ಣೆ ಸಂಜೆಯ ತನಕ ಮಾತ್ರ ಎಣ್ಣೆ. ಹೊತ್ತು ಮುಳುಗಿತೆಂದರೆ ಕಮಟು ಹತ್ತಿ, ಗಂಟಲಿಗೆ ಚುಚ್ಚುವ ಅಂಟು ನೀರಾಗಿಬಿಡುತ್ತದೆ. ಕುಸುಬೆಯಿರಲಿ, ಶೇಂಗಾ ಇರಲಿ, ತುಪ್ಪವೇ ಇರಲಿ, ಬೆಳಿಗ್ಗೆ ಮಾಡಿದ್ದು ಸಂಜೆಯೊಳಗೆ ಮುಗಿಯಬೇಕು. ಹಾಗಾಗಿ ನಮ್ಮಲ್ಲಿ ದೇವರ ದೀಪ ಮಧ್ಯಾಹ್ನವೇ ಹಚ್ಚುತ್ತಾರೆ. ತಲೆಗೆ ಎಣ್ಣೆ ಒತ್ತಿಕೊಂಡ ಹೆಂಗಸು ಹೊತ್ತು ಮುಳುಗುವುದರೊಳಗೆ ಎರೆದುಕೊಂಡಿರಬೇಕು, ಇಲ್ಲವಾದರೆ ಗಂಡ ಅಂಗಳದಲ್ಲಿ ಹಾಸಿಗೆ ಬಿಡಿಸುತ್ತಾನೆ. ಉಪ್ಪಿನಕಾಯಿ ಎಂಬ ಪದಾರ್ಥದ ಹೆಸರನ್ನು ಪರಊರಿನವರ ಬಾಯಲ್ಲಿ ಕೇಳಿದ್ದೇವೆ, ಅಷ್ಟೆ. ಸಂಜೆ ಊಟಕ್ಕೆ ರೊಟ್ಟಿ, ಬೇಯಿಸಿದ ಬೇಳೆ, ಹಸಿಮೆಣಸಿನಕಾಯಿ. ಅಚ್ಚಿಗೆ ಹಚ್ಚಿದ ಎಣ್ಣೆ ಕೆಟ್ಟು ಗಾಡಿಗಳೆಲ್ಲ ಕಿರುಚುತ್ತ ಮನೆಗೆ ಬರುತ್ತವೆ. ಇದರ ಬಗ್ಗೆ ಊರಿನಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಯಾರನ್ನಾದರೂ ಬೈಯಬೇಕಾದರೆ ಮಾತ್ರ ‘ನಿನ್ನೇದು’, ಅಂದರೆ ನಿನ್ನೆಯ ಎಣ್ಣೆ, ಅನ್ನುತ್ತಾರೆ. ಅದಕ್ಕಿಂತ ಕೆಟ್ಟ ಬೈಗುಳ ನಮ್ಮಲ್ಲಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದವನು ನಾನೊಬ್ಬನೇ. ನಾನು ಮೇಲಿನ ಗಾಣದ ಮುರಿಗೆಪ್ಪ. ಕೆರೆಯ ಕೆಳಗೆ ಇನ್ನೊಂದು ಗಾಣವಿದೆ, ಅವರ ಸುದ್ದಿ ಬೇಡ. ನನಗೆ ಜ್ವರ ಬರಲಿ, ಮನೆಯಲ್ಲಿ ಮದುವೆ ಇರಲಿ, ನಸುಕಿನಲ್ಲಿ ಎತ್ತು ಹೂಡಲೇಬೇಕು. ಬಾಗಿಲು ತೆರೆಯುವ ಮೊದಲೇ ಜನ ಪಾತ್ರೆ ಹಿಡಿದು ನಿಂತಿರುತ್ತಾರೆ. ಒಬ್ಬಳಿಗೆ ಎಣ್ಣೆ ತೆಳುವಾಯಿತು, ಇನ್ನೊಬ್ಬಳಿಗೆ ಬಿಸಿಯಾಯಿತು, ಮತ್ತೊಬ್ಬನಿಗೆ ನನ್ನ ಎತ್ತು ಅವನ ಕಡೆ ನೋಡಿದ ರೀತಿ ಸರಿಬರಲಿಲ್ಲ. ನಮ್ಮ ಜನರ ಮನೆಯಲ್ಲಿ ನಿನ್ನೆಯ ಎಣ್ಣೆ ಉಳಿಯುವುದಿಲ್ಲ. ನಿನ್ನೆಯ ತಕರಾರು ಮಾತ್ರ ಹೊಸದರ ಹಾಗೆ ಉಳಿದಿರುತ್ತದೆ.

ಇಂಥದ್ದರಲ್ಲಿ ನನ್ನ ಅಕ್ಕ ಕಾಶವ್ವ ಮನೆಗೆ ಬಂದಳು. ಅವಳನ್ನು ಉಪ್ಪಿನ ಬಯಲಿನ ಆಚೆಯ ಹಟ್ಟಿಗೆ ಕೊಟ್ಟಿತ್ತು. ನಸುಕಿನಲ್ಲಿ ಗಾಡಿ ಕಟ್ಟಿದರೆ ಇಳಿಹೊತ್ತಿಗೆ ಮುಟ್ಟುವ ದಾರಿ. ಅಲ್ಲಿಯವರು ದಿನವಿಡೀ ಉಪ್ಪುನೀರಿನ ಮಡಿಗಳಲ್ಲಿ ನಿಂತು ಉಪ್ಪು ಎಳೆಯುತ್ತಾರೆ. ಆ ನೀರು ಕಾಲನ್ನು ಸೀಳಿಬಿಡುತ್ತದೆ. ಅದಕ್ಕೆ ಎಣ್ಣೆ ಹಚ್ಚಬೇಕು. ಆದರೆ ಅಲ್ಲಿ ಕಾಳು ಬೆಳೆಯುವ ಹೊಲವೂ ಇಲ್ಲ, ಗಾಣವೂ ಇಲ್ಲ. ಇಲ್ಲಿಂದ ಹೋದ ಎಣ್ಣೆ ಅಲ್ಲಿ ಇಳಿಸುವ ಹೊತ್ತಿಗೆ ಕೆಡಲು ಶುರುವಾಗಿರುತ್ತದೆ. ಮಡಿಯ ಕೆಲಸ ಮುಗಿಸಿ ಕಾಲು ತೊಳೆದುಕೊಳ್ಳುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಕಮಟು ಎಣ್ಣೆ ಗಾಯಕ್ಕೆ ಬಿದ್ದರೆ ಮೆಣಸಿನಪುಡಿ ಹಾಕಿದ ಹಾಗೆ. ನಮ್ಮ ಭಾವ ಭರಮಪ್ಪನ ಹಿಮ್ಮಡಿಯ ಬಿರುಕು ಕೀವಾಗಿ, ಕಾಲು ಮೊಣಕಾಲಿನ ತನಕ ಬಾತು, ಆ ಬೇಸಿಗೆಯಲ್ಲಿ ಹೋಗಿಬಿಟ್ಟ. ದಿನಕರ್ಮ ಮುಗಿಸಿ ಅಕ್ಕ ಬಂದಾಗ ಅವಳ ಕೈಯಲ್ಲಿ ಒಂದು ಬಟ್ಟೆಯ ಗಂಟು, ಬಾಯಿ ಕಟ್ಟಿದ ಒಂದು ಮಣ್ಣಿನ ಗಡಿಗೆ. ಗಡಿಗೆಯಲ್ಲಿ ತೀರ್ಥವಿರಬೇಕೆಂದು ನಾನು ಎರಡೂ ಕೈಯಲ್ಲಿ ಹಿಡಿದು ದೇವರ ಮುಂದೆ ಇಟ್ಟು ಕೈ ಮುಗಿದೆ.

“ಅದು ಪಾಚಿ ನೀರೋ ತಮ್ಮಾ,” ಎಂದಳು ಅಕ್ಕ. “ಅಲ್ಲ್ಯಾಕ ಇಟ್ಟಿ? ಬಿಸಲಾಗ ಇಡು.”

ಮೊದಮೊದಲು ನಾನು ಸುಮ್ಮನಿದ್ದೆ. ಗಂಡನನ್ನು ಕಳೆದುಕೊಂಡವಳು, ಏನೋ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಅಂದುಕೊಂಡೆ. ಗಡಿಗೆಯ ನೀರು ಒಂದು ಪರಾತಕ್ಕೆ ಹೋಯಿತು. ಪರಾತದಿಂದ ಎರಡು ತಗಡಿನ ಬುಟ್ಟಿಗೆ ಹೋಯಿತು. ಆಮೇಲೆ ನನ್ನ ಸ್ನಾನದ ಬಕೆಟ್ಟು ಕಾಣೆಯಾಯಿತು. ಒಂದು ಬೆಳಿಗ್ಗೆ ನೋಡಿದರೆ ಎತ್ತು ನೀರು ಕುಡಿಯುವ ಕಲ್ಲುಬಾನಿಯಲ್ಲಿ ಹಸಿರು ಉಪ್ಪುನೀರು ತುಂಬಿದೆ, ಎತ್ತು ಅದರ ಮುಂದೆ ನಿಂತು ನನ್ನನ್ನೇ ನೋಡುತ್ತಿದೆ.

“ಏನ್ ನಡಸೀದಿ ಅಕ್ಕಾ ಇದು? ಇದು ಗಾಣದ ಮನೀನೋ ಕೆರೀನೋ?”

ಅವಳು ನಿಧಾನವಾಗಿ ಹೇಳಿದಳು. ಅವರ ಹಟ್ಟಿಯ ಕಡೆಯ ಮಡಿಯಲ್ಲಿ ಕಡುಬೇಸಿಗೆಗೆ ನೀರು ಕೆಂಪಾಗುತ್ತದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯಿದೆ, ನೀರಿಗೆ ಬಣ್ಣ ಬಂದಾಗಲೇ ಅದು ಇದೆಯೆಂದು ತಿಳಿಯುವುದು. ಆ ಮಡಿಯ ನೀರು ಎತ್ತುವ ತೊಗಲಿನ ಚೀಲಕ್ಕೆ ಭಾವ ಇಲ್ಲಿಂದ ಎಣ್ಣೆ ಬಂದ ದಿನ ಇಳಿಹೊತ್ತಿಗೆ, ಮಿಕ್ಕ ಚೀಲಗಳ ಹಾಗೆಯೇ, ಸಿಕ್ಕ ಎಣ್ಣೆ ತಿಕ್ಕುತ್ತಿದ್ದ. ಮಿಕ್ಕ ಚೀಲಗಳೆಲ್ಲ ಸಂಜೆಗೆ ನಾರುತ್ತಿದ್ದವು, ಅದೊಂದು ನಾರುತ್ತಿರಲಿಲ್ಲ. ಭಾವ ಹಾಸಿಗೆ ಹಿಡಿದ ಮೇಲೆ ಇದು ಅಕ್ಕನ ಗಮನಕ್ಕೆ ಬಂತು. ಪಾಚಿಯನ್ನು ಬೆಳೆಸಿ, ತೆಗೆದು, ಎಣ್ಣೆಗೆ ಬೆರೆಸುವ ದಾರಿ ಹುಡುಕುವಷ್ಟರಲ್ಲಿ ಭಾವ ಇರಲಿಲ್ಲ.

“ಅಲ್ಲಿ ಎಣ್ಣಿ ಸಿಗೂದಿಲ್ಲ, ಇಲ್ಲಿ ಸಿಗತೈತಿ. ಅದಕ್ಕs ಬಂದೀನಿ. ನಿನ್ನ ಮಾರಿ ನೋಡಾಕ ಬಂದಿಲ್ಲ,” ಎಂದಳು.

ಆಡಿನ ಹಿಕ್ಕೆ ನೆನೆಸಿದ ನೀರು ಹಾಕಿದರೆ ಪಾಚಿ ಹಸಿರಾಗಿ ಹೆಚ್ಚುತ್ತದಂತೆ. ಚೆನ್ನಾಗಿ ಹೆಚ್ಚಿದ ಮೇಲೆ ಉಣಿಸುವುದನ್ನು ನಿಲ್ಲಿಸಿ, ಉಪ್ಪು ಹೆಚ್ಚು ಮಾಡಿ, ಉರಿಬಿಸಿಲಿಗೆ ಇಡಬೇಕಂತೆ. ಹಸಿವು, ಉಪ್ಪು, ಬಿಸಿಲು ಮೂರೂ ಕಾಡಿದಾಗ ಅದು ತನ್ನ ಜೀವ ಕಾಯ್ದುಕೊಳ್ಳಲು ಕೆಂಪಾಗುತ್ತದಂತೆ. ಆ ಕೆಂಪೇ ನಮಗೆ ಬೇಕಾದದ್ದು.

“ನನಗೂ ಹಂಗs ಆಗಾಕತ್ತೈತಿ,” ಎಂದೆ. ನನ್ನ ಹೆಂಡತಿ ರತ್ನವ್ವ ಒಳಗಿನಿಂದ ನಕ್ಕಳು. ಅವಳು ಯಾರ ಕಡೆ ಎಂದು ನನಗೆ ಆವತ್ತೇ ತಿಳಿಯಬೇಕಿತ್ತು.

ಮೊದಲ ಸಲದ್ದು ಕೊಳೆತುಹೋಯಿತು. ಹಿಕ್ಕೆಯ ನೀರು ಜಾಸ್ತಿಯಾಗಿ ಬುಟ್ಟಿಗಳೆಲ್ಲ ಬೂದುಬಣ್ಣಕ್ಕೆ ತಿರುಗಿ, ಸತ್ತ ಮೀನಿನ ನಾತ ಎದ್ದಿತು. ಸಾಲಿನಲ್ಲಿ ನಿಂತವರು ಸೆರಗು ಮೂಗಿಗೆ ಒತ್ತಿಕೊಂಡರು. ಸಂಗಮ್ಮಜ್ಜಿ ಕೋಲು ಊರಿಕೊಂಡು ಅಂಗಳಕ್ಕೇ ಬಂದಳು. ಈ ಅಜ್ಜಿಯ ಮೂಗು ನಮ್ಮೂರಿನ ನ್ಯಾಯಸ್ಥಾನ. ಎಣ್ಣೆ ಕೆಟ್ಟಿದೆಯೋ ಇಲ್ಲವೋ ಎಂದು ಜಗಳ ಬಿದ್ದರೆ ಪಾತ್ರೆಯನ್ನು ಅವಳ ಮುಂದೆ ಹಿಡಿಯುತ್ತಾರೆ. ಅವಳು ಮೂಗು ಸಿಂಡರಿಸಿದರೆ ಆ ಎಣ್ಣೆ ಗಟಾರಕ್ಕೆ.

“ಲೇ ಮುರಿಗ್ಯಾ, ನಿಮ್ಮಪ್ಪನ ಕಾಲದಾಗ ಈ ಗಾಣ ಘಮಾ ಅಂತಿತ್ತು. ಈಗ ಹೆಣದ ಮನಿ ಆಗೇತಲ್ಲೋ!”

ಅವರೆಲ್ಲ ಹೋದ ಮೇಲೆ ನಾನು ಅಕ್ಕನ ಮೇಲೆ ಕೂಗಾಡಿದೆ. ಅವಳು ಬುಟ್ಟಿ ತೊಳೆಯುತ್ತ ಕೇಳಿಸಿಕೊಂಡಳು. ಮುಗಿಯಿತೇನೋ ಎಂದು ತಲೆಯೆತ್ತಿ ನೋಡಿ, ಮುಗಿದಿಲ್ಲವೆಂದು ಗೊತ್ತಾಗಿ ಮತ್ತೆ ತೊಳೆಯತೊಡಗಿದಳು. ಗಡಿಗೆಯ ತಳದಲ್ಲಿ ಒಂದಿಷ್ಟು ನೀರು ಉಳಿಸಿಕೊಂಡಿದ್ದಳು. ಮರುದಿನದಿಂದ ಅದರಲ್ಲೇ ಮತ್ತೆ ಶುರು.

ಈ ಸಲ ಕೆಂಪು ಬಂತು. ಬುಟ್ಟಿಯಲ್ಲಿ ಕುಂಕುಮ ಕದಡಿದ ಹಾಗೆ. ಅದಕ್ಕೆ ಸುಣ್ಣದ ತಿಳಿ ಹಾಕಿ ಪಾಚಿಯನ್ನು ತಳಕ್ಕೆ ಇಳಿಸಿ, ಬಟ್ಟೆಯಲ್ಲಿ ಬಸಿದು, ಸಿಕ್ಕ ಅಂಬಲಿಯಂಥ ಸರಿಯನ್ನು ಒರಳಿಗೆ ಹಾಕಿ ಎಣ್ಣೆಯ ಜೊತೆ ತಿಕ್ಕಿದಳು. ಉಪ್ಪುನೀರು ಕೆಳಗೆ ನಿಂತಿತು, ಬಣ್ಣವೆಲ್ಲ ಎಣ್ಣೆಗೆ ಬಂತು. ಬಸಿಯಲು ಉಪಯೋಗಿಸಿದ ಬಟ್ಟೆ ನನ್ನ ಹಬ್ಬದ ಧೋತರವೆಂದು ಅದು ಹಗ್ಗದ ಮೇಲೆ ಕಿತ್ತಳೆ ಬಣ್ಣದಲ್ಲಿ ಒಣಗುತ್ತಿರುವುದನ್ನು ಕಂಡಾಗ ಗೊತ್ತಾಯಿತು. ಆವತ್ತು ನಾನು ಉಪವಾಸ ಮಲಗಿದೆ. ಸಿಟ್ಟಿನಿಂದ.

ಮರುದಿನ ಎಚ್ಚರವಾದದ್ದು ಒಂದು ಸದ್ದಿಗೆ. ಚಟಪಟ ಚಟಪಟ. ಹಾಸಿಗೆಯಲ್ಲೇ ಕಣ್ಣುಮುಚ್ಚಿ ಕೇಳಿದೆ. ಸಾಸಿವೆ ಸಿಡಿಯುವ ಸದ್ದು. ಆಮೇಲೆ ಕರಿಬೇವಿನ ವಾಸನೆ. ಹೊಟ್ಟೆ ಹಸಿದಿತ್ತು. ಎದ್ದು ಮುಖ ತೊಳೆದು ಕೂತೆ. ರತ್ನವ್ವ ಒಗ್ಗರಣೆ ಹಾಕಿದ ಉಪ್ಪಿಟ್ಟು ಇಟ್ಟಳು. ಅರ್ಧ ತಟ್ಟೆ ಉಂಡ ಮೇಲೆ ಕೈ ತಾನಾಗಿ ನಿಂತಿತು. ಹೊರಗೆ ಎತ್ತು ಇನ್ನೂ ಕೊಟ್ಟಿಗೆಯಲ್ಲೇ ಇತ್ತು. ಗಾಣ ತಿರುಗಿರಲಿಲ್ಲ. ನಾನು ಹುಟ್ಟಿದಾಗಿನಿಂದ ಗಾಣ ತಿರುಗುವ ಮೊದಲು ನಮ್ಮ ಮನೆಯಲ್ಲಿ ಸಾಸಿವೆ ಸಿಡಿದದ್ದಿಲ್ಲ.

“ಎಣ್ಣಿ ಎಲ್ಲಿಂದ ಬಂತು?”

ರತ್ನವ್ವ ಸೌಟು ಹಿಡಿದು ನಿಂತಿದ್ದಳು. ಅಕ್ಕ ಒಲೆಯ ಪಕ್ಕದಲ್ಲಿ ಕೂತಿದ್ದಳು. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು.

“ನಿನ್ನೇದು,” ಎಂದಳು ರತ್ನವ್ವ. “ಚಲೋ ಐತಿಲ್ರೀ?”

“ನನಗ ನಿನ್ನೇದು ಉಣಿಸಿದ್ರೇನು ನೀವಿಬ್ರೂ?” ಎಂದು ಎದ್ದುಬಿಟ್ಟೆ. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದೆ. ವಾಂತಿ ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ನಾಲಿಗೆಯ ಮೇಲೆ ಕಮಟಿನ ಸುಳಿವೇ ಇರಲಿಲ್ಲ. ಕೆರೆಯ ದಂಡೆಯಲ್ಲಿ ಬರುವಂಥ ಒಂದು ಸಣ್ಣ ವಾಸನೆ, ಅಷ್ಟೇ. ಅದು ನನ್ನನ್ನು ಇನ್ನಷ್ಟು ರೇಗಿಸಿತು. ದಿನಾ ನಸುಕಿನಲ್ಲಿ ಏಳುವ ನನ್ನ ಬದುಕೇ ಆ ಕಮಟಿನ ಮೇಲೆ ನಿಂತಿದೆ ಎಂಬುದನ್ನು ಈ ಇಬ್ಬರು ಹೆಂಗಸರಿಗೆ ಯಾರು ಹೇಳಬೇಕು?

ಮಾತು ಊರಿನಲ್ಲಿ ಹಬ್ಬಲು ಒಂದು ಹೊತ್ತು ಸಾಕಾಯಿತು. ಮೇಲಿನ ಗಾಣದಲ್ಲಿ ಎಣ್ಣೆ ಕೂಡಿಡುತ್ತಾರಂತೆ, ಬಣ್ಣ ಹಾಕುತ್ತಾರಂತೆ, ನಿನ್ನೆಯದನ್ನು ಇವತ್ತಿನದೆಂದು ಮಾರುತ್ತಾರಂತೆ. ಸಂಜೆ ಜನ ಅಂಗಳದಲ್ಲಿ ನೆರೆದರು. ಅಕ್ಕ ಆ ಕೆಂಪೆಣ್ಣೆಯ ಬಟ್ಟಲನ್ನು ತಂದು ಸಂಗಮ್ಮಜ್ಜಿಯ ಮುಂದೆ ಹಿಡಿದಳು. ಅಜ್ಜಿ ಮೂಸಿದಳು. ಬಟ್ಟಲು ತಿರುಗಿಸಿ ಮೂಸಿದಳು. ಬೆರಳು ಅದ್ದಿ ಅಂಗೈಗೆ ತಿಕ್ಕಿ ಮೂಸಿದಳು. ಹೊತ್ತು ಮುಳುಗಿ ಆಗಿತ್ತು. ಎಲ್ಲರೂ ಅವಳ ಮೂಗನ್ನೇ ನೋಡುತ್ತಿದ್ದರು. ಅದು ಸಿಂಡರಿಸಲಿಲ್ಲ.

“ಕೆಟ್ಟಿಲ್ಲ,” ಎಂದಳು ಕೊನೆಗೆ. ಆಮೇಲೆ ಬಟ್ಟಲನ್ನು ದೂರ ಸರಿಸಿ, “ಕೆಡದ ಎಣ್ಣಿ ಎಣ್ಣಿನs ಅಲ್ಲ. ನಂಬಬ್ಯಾಡ್ರಿ,” ಎಂದು ಎದ್ದು ಹೋದಳು.

ಕೆಟ್ಟಿದ್ದರೂ ಬಯ್ಯುತ್ತಿದ್ದರು, ಕೆಡದಿದ್ದುದಕ್ಕೂ ಬೈದರು. ಮರುದಿನ ಬಾಗಿಲು ತೆರೆದರೆ ಸಾಲು ಅರ್ಧಕ್ಕಿಳಿದಿತ್ತು. ಇನ್ನೊಂದು ವಾರದಲ್ಲಿ ದಾರಿ ತಪ್ಪಿ ಬಂದವರ ಹಾಗೆ ನಾಲ್ಕು ಜನ. ಮಿಕ್ಕವರೆಲ್ಲ ಕೆಳಗಿನ ಗಾಣಕ್ಕೆ ಇಳಿದು ಹೋಗುವುದು ನನ್ನ ಕಟ್ಟೆಯಿಂದಲೇ ಕಾಣುತ್ತಿತ್ತು. ತಿರುಗಿ ನೋಡಿ ನಗುತ್ತಿದ್ದರು. ಅವರ ತಕರಾರು ಕೇಳದೆ ನನ್ನ ಬೆಳಗಿಗೆ ರುಚಿಯಿಲ್ಲದಾಯಿತು, ಅದೂ ಒಂದು ತಲೆಬಿಸಿ.

“ಸಾಕು ಅಕ್ಕಾ,” ಎಂದೆ. “ಬುಟ್ಟಿ ಎಲ್ಲಾ ಚೆಲ್ಲಿಬಿಡು. ನಿನಗ ಇಲ್ಲಿ ಇರಾಕ ಬ್ಯಾಡ ಅನ್ನೂದಿಲ್ಲ. ಇದೊಂದು ಬ್ಯಾಡ.”

ಅವಳು ವಾದ ಮಾಡಲಿಲ್ಲ. “ಚೆಲ್ತೀನಿ. ಅದಕ್ಕಿಂತ ಮೊದಲ ಒಂದ್ಸಲ ನನ್ನ ಹಟ್ಟಿಗೆ ಕರಕೊಂಡ್ ಹೋಗು. ಎರಡು ಡಬ್ಬಿ ಎಣ್ಣಿ ತಗೊಂಡು. ಆಮ್ಯಾಲೆ ನೀ ಹೇಳಿದ್ಹಂಗ.”

ಗಾಣದ ಎತ್ತನ್ನು ಗಾಡಿಗೆ ಕಟ್ಟಿದೆ. ಹಿಂದಿನ ದಿನ ಹಿಂಡಿ, ಕೆಂಪು ಬೆರೆಸಿಟ್ಟ ಎಣ್ಣೆ. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಗಾಣ ನಿಂತದ್ದರ ಬಗ್ಗೆ, ಧೋತರದ ಬಗ್ಗೆ, ಬಾನಿಯಲ್ಲಿ ನೀರು ಕುಡಿಯದೆ ಸೊರಗಿದ ಎತ್ತಿನ ಬಗ್ಗೆ. ಅಕ್ಕ ಡಬ್ಬಿಗಳ ಮೇಲೆ ಹಸಿಗೋಣಿ ಹೊದಿಸುತ್ತ ಕೂತಿದ್ದಳು. ಬಯಲಿನ ನಡುವೆ ಉಪ್ಪಿನ ಹೆಪ್ಪು ಒಡೆದು ಗಾಲಿ ಹೂತಿತು. ಗಾಡಿ ನೂಕಲು ಚಪ್ಪಲಿ ಬಿಟ್ಟು ಇಳಿದೆ. ಎಣ್ಣೆಯಲ್ಲಿ ಬೆಳೆದ ಕಾಲು ನನ್ನದು, ಮಗುವಿನದ್ದರ ಹಾಗೆ ಮೆತ್ತಗಿತ್ತು. ಹಿಮ್ಮಡಿಯಲ್ಲಿ ಎಲ್ಲೋ ಒಂದು ಗೆರೆಯಷ್ಟು ಬಿರುಕಿತ್ತೇನೋ, ಉಪ್ಪುನೀರು ಅದರೊಳಗೆ ಹೊಕ್ಕಿತು. ಕೆಂಡ ತುಳಿದವನ ಹಾಗೆ ಕಿರುಚಿ ಗಾಡಿಯ ಮೇಲೆ ಹಾರಿ ಕೂತೆ. ಅಕ್ಕ ನಗಲಿಲ್ಲ. ತಾನೇ ಇಳಿದು ಗಾಲಿಗೆ ಹೆಗಲು ಕೊಟ್ಟಳು. ಅವಳ ಕಾಲು ನೋಡಿದ್ದು ನಾನು ಆಗಲೇ. ಅದು ಕಾಲಿನ ಹಾಗೆ ಇರಲಿಲ್ಲ, ಬಿಸಿಲಿಗೆ ಬಿಟ್ಟ ಮರದ ತುಂಡಿನ ಹಾಗಿತ್ತು. ಅಷ್ಟು ದಿನ ನನ್ನ ಮನೆಯಲ್ಲಿ ಓಡಾಡಿದ ಕಾಲು.

ಉಳಿದ ದಾರಿಯಲ್ಲಿ ಡಬ್ಬಿಗಳ ಗೋಣಿಗೆ ನೀರು ಚಿಮುಕಿಸಿದವನು ನಾನು.

ಹಟ್ಟಿಯವರು ನಮ್ಮನ್ನು ಕಂಡು ಸಂತೋಷಪಟ್ಟರು, ಡಬ್ಬಿಗಳನ್ನು ಕಂಡು ಹೊತ್ತು ಎಷ್ಟಿದೆಯೆಂದು ಆಕಾಶ ನೋಡಿದರು. ಭಾವನ ತಮ್ಮ ಹುಲಿಗೆಪ್ಪ ಗುಡಿಸಲ ಮುಂದೆ ಕೂತಿದ್ದ. ನನ್ನನ್ನು ಕಂಡು ಏಳಲು ನೋಡಿದ, ಆಗಲಿಲ್ಲ. ಮಡಿಯಿಂದ ಗುಡಿಸಲ ತನಕ ಬರುವುದೇ ಅವನಿಗೆ ಆಗ ದೊಡ್ಡ ಕೆಲಸ. ಕಾಲಿನ ಬಿರುಕುಗಳಿಗೆ ಚಿಂದಿ ತುರುಕಿದ್ದ.

“ಯಾಕ ತ್ರಾಸ ತಗೊಂಡ್ರಿ ಅಣ್ಣಾ?” ಎಂದ. “ನಮ್ಮ ಕಡೆ ಎಣ್ಣಿ ಬಾಳೂದಿಲ್ಲ, ನಿಮಗ ಗೊತ್ತಿದ್ದದ್ದs ಐತಲ್ಲ.” ಅದರಲ್ಲಿ ದೂರು ಇರಲಿಲ್ಲ. ನನ್ನ ಗಿರಾಕಿಗಳು ಎಣ್ಣೆ ಸ್ವಲ್ಪ ಬಿಸಿಯಿದ್ದರೆ ಆಕಾಶ ಭೂಮಿ ಒಂದು ಮಾಡುತ್ತಾರೆ, ಈತ ತನ್ನ ಕಾಲು ಹೋಗುತ್ತಿದ್ದರೂ ನನಗೆ ಸಮಾಧಾನ ಹೇಳುತ್ತಿದ್ದ. ನನಗೆ ಅವನ ಮೇಲೂ ಸಿಟ್ಟು ಬಂತು.

ಹೊತ್ತು ಮುಳುಗಿತು. ಅಕ್ಕ ಡಬ್ಬಿ ತೆರೆದಿಟ್ಟಳು. ಹಟ್ಟಿಯ ಜನ ಸುತ್ತ ಕೂತು ವಾಸನೆಗಾಗಿ ಕಾದರು. ಬೆಳಕು ಇಳಿಯಿತು, ವಾಸನೆ ಬರಲಿಲ್ಲ. ಮುದುಕಿಯೊಬ್ಬಳು ಬತ್ತಿ ಹೊಸೆದು ಹಣತೆಗೆ ಆ ಎಣ್ಣೆ ಹಾಕಿ ಹಚ್ಚಿದಳು. ಸಂಜೆಯ ನಂತರ ಅಲ್ಲಿ ದೀಪ ಉರಿದದ್ದನ್ನು ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಆ ಬೆಳಕಿನಲ್ಲಿ ಅಕ್ಕ ಹುಲಿಗೆಪ್ಪನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಚಿಂದಿಗಳನ್ನು ಒಂದೊಂದಾಗಿ ತೆಗೆದು ಎಣ್ಣೆ ತಿಕ್ಕಿದಳು. ಅವನು ಮೊದಲು ಹಲ್ಲು ಕಚ್ಚಿದ. ಉರಿ ಬರುತ್ತದೆ ಎಂದು ಕಾದ. ಆಮೇಲೆ ಹಲ್ಲು ಸಡಿಲ ಬಿಟ್ಟ.

“ಉರಿಯಾಕತ್ತಿಲ್ಲ ವೈನಿ,” ಎಂದ ಅತ್ತಿಗೆಯ ಮುಖ ನೋಡಿ.

ಅವನ ಹೆಂಡತಿ ನನ್ನ ಕಡೆ ತಿರುಗಿ ಕೇಳಿದಳು: “ಇದು ನಾಳೆನೂ ಇರತೈತೇನ್ರೀ?”

“ಇರತೈತಿ,” ಎಂದೆ. ನನ್ನ ಜನ್ಮದಲ್ಲಿ ಎಣ್ಣೆಯ ಬಗ್ಗೆ ಯಾರಿಗೂ ಕೊಡದಿದ್ದ ಮಾತು ಅದು. ಕೊಟ್ಟ ಮೇಲೆ ಹೆದರಿಕೆಯಾಯಿತು.

ಮರುದಿನವೂ ಇತ್ತು. ನಾನು ಗಾಡಿ ಕಟ್ಟಿದೆ. ಅಕ್ಕ ಹತ್ತಲಿಲ್ಲ. ಪಾಚಿ ಇಲ್ಲಿಯ ಮಡಿಯಲ್ಲಿ ತಾನಾಗಿ ಬೆಳೆಯುತ್ತದೆ, ಅದರ ಕೆಂಪು ಸರಿ ನಾನೇ ತೆಗೆದಿಡುತ್ತೇನೆ, ನೀನು ವಾರಕ್ಕೊಮ್ಮೆ ಎಣ್ಣೆ ತಾ, ಹೊತ್ತು ಮುಳುಗುವ ಮೊದಲು ಬೆರೆಸಿಕೊಳ್ಳುತ್ತೇನೆ ಎಂದಳು. ನನಗೆ ಮೈಯೆಲ್ಲ ಉರಿಯಿತು.

“ಅಲ್ಲಾ, ನನ್ನ ಮನಿ ತುಂಬ ಬುಟ್ಟಿ ಇಟ್ಟಿ, ನನ್ನ ಗಿರಾಕಿನೆಲ್ಲ ಓಡಿಸೀದಿ, ಈಗ ನಾ ಇಲ್ಲೇ ಇರ್ತೀನಿ ಅಂತೀಯಲ್ಲ? ಅಲ್ಲಿ ಬುಟ್ಟಿ ಯಾರು ಕದಡಬೇಕು?”

“ರತ್ನವ್ವ ಕದಡ್ತಾಳ. ಆಕಿಗೆ ಎಲ್ಲಾ ಹೇಳಿಕೊಟ್ಟೀನಿ.”

ಚೆಲ್ಲುತ್ತೇನೆ ಎಂದವಳ ಮಾತಿಗೆ ಇಷ್ಟು ಬೆಲೆ. ಬಾಯಿಗೆ ಬಂದದ್ದೆಲ್ಲ ಬೈದು ಹೊರಟೆ. ಬಯಲಿನ ನಡುವೆ ತಿರುಗಿ ನೋಡಿದೆ. ಅವಳು ಆಗಲೇ ಮಡಿಯಲ್ಲಿ ಬಗ್ಗಿ ನಿಂತಿದ್ದಳು.

ಊರಿಗೆ ಬಂದು, ಉಳಿದಿದ್ದ ನಾಲ್ಕು ಗಿರಾಕಿಗಳಿಗೆ ಹೇಳಿದೆ: ಪ್ರತಿ ಸೋಮವಾರ ಗಾಣದ ಮೊದಲ ಎಣ್ಣೆ ಹಟ್ಟಿಗೆ ಹೋಗುತ್ತದೆ, ಎತ್ತೂ ಹೋಗುತ್ತದೆ, ಆವತ್ತು ಬೇಕಾದವರು ಹಿಂದಿನ ದಿನದ ಕೆಂಪೆಣ್ಣೆ ಒಯ್ಯಬಹುದು, ರತ್ನವ್ವ ಕೊಡುತ್ತಾಳೆ. ಆ ನಾಲ್ವರಲ್ಲಿ ಮೂವರು ಅಲ್ಲಿಂದಲೇ ಕೆಳಗಿನ ಗಾಣದ ದಾರಿ ಹಿಡಿದರು.

ಎರಡನೆಯ ಸೋಮವಾರ ನಾನು ಎಣ್ಣೆ ಗಾಡಿಗೆ ಏರಿಸುತ್ತಿದ್ದಾಗ ಸಂಗಮ್ಮಜ್ಜಿ ಬಂದು ಕಟ್ಟೆಯ ಮೇಲೆ ಕುಸಿದು ಕೂತಳು. ಕೆಳಗಿನ ಗಾಣದಿಂದ ಏರಿ ಬಂದು ಏದುಸಿರು ಬಿಡುತ್ತಿದ್ದಳು. ದಾರಿಯಲ್ಲಿ ಹೋಗುತ್ತಿದ್ದವರೂ ನಿಂತರು.

“ಆ ಕೆಂಪೆಣ್ಣಿ ಹಾಕು ಇದರಾಗ,” ಎಂದು ತಂಬಿಗೆ ಮುಂದಿಟ್ಟಳು. “ನಾಕ್ ದಿನಕ್ಕ ಆಗೂವಷ್ಟು ಹಾಕು. ದಿನಾ ಏರಿ ಇಳಿಯಾಕ ನನ್ನ ಮೊಣಕಾಲು ಒಲ್ಲಿ ಅಂತಾವು.”

ನನಗೂ ಒಂದಿಷ್ಟು ತೀರಿಸಿಕೊಳ್ಳುವುದಿತ್ತು. “ಅದು ನಿನ್ನೇದು, ಅಜ್ಜಿ,” ಎಂದೆ, ಎಲ್ಲರಿಗೂ ಕೇಳುವಂತೆ.

“ನಾನೂ ನಿನ್ನೇದs,” ಎಂದಳು ಅಜ್ಜಿ. “ಏನೀಗ? ಹಾಕು.”

ರತ್ನವ್ವ ಬಂದು ತಂಬಿಗೆ ತುಂಬಿದಳು. ದಾರಿಯಲ್ಲಿ ನಿಂತವರು ಮುಖ ಮುಖ ನೋಡಿಕೊಂಡರು. ಒಬ್ಬಳು, ತನಗಲ್ಲ, ತನ್ನ ಬಾಣಂತಿ ಮಗಳಿಗೆಂದು, ಬಣ್ಣ ಕಡಿಮೆಯಿರುವುದನ್ನು ನೋಡಿ ಒಂದಿಷ್ಟು ಕೊಡಲು ಸಾಧ್ಯವೇ ಎಂದು ಕೇಳಿದಳು. ಇನ್ನೊಬ್ಬನಿಗೆ ಕೆರೆಯ ವಾಸನೆ ಸರಿಬರಲಿಲ್ಲ. ಶುರುವಾಯಿತಪ್ಪ ಅಂದುಕೊಂಡು ನಾನು ಎತ್ತಿನ ಬಾಲ ಮುರಿದೆ.

ಗದ್ದಲದಲ್ಲಿ ಹೊರಡುವುದು ತಡವಾಗಿತ್ತು. ಬಿಸಿಲು ಏರಿತ್ತು, ಹೊತ್ತು ಮುಳುಗುವ ಮೊದಲು ಮುಟ್ಟುತ್ತೇನೋ ಇಲ್ಲವೋ ಎಂಬ ಆತಂಕದಲ್ಲಿ ಎತ್ತನ್ನೂ ಅಕ್ಕನನ್ನೂ ಅಜ್ಜಿಯನ್ನೂ ಒಟ್ಟಿಗೆ ಬೈಯುತ್ತ ಹೋಗುತ್ತಿದ್ದೆ. ಬಯಲಿನ ಅರ್ಧ ದಾಟಿದ ಮೇಲೆ ಎದುರಿಗೆ ಬಿಳುಪಿನ ಮೇಲೆ ಒಂದು ಕಪ್ಪು ಚುಕ್ಕೆ ಕಂಡಿತು. ಹತ್ತಿರ ಬಂದಂತೆ ಅದು ಮನುಷ್ಯನಾಯಿತು. ಹುಲಿಗೆಪ್ಪ. ಕೋಲಿಲ್ಲದೆ, ಸ್ವಲ್ಪ ಕುಂಟುತ್ತ, ಹಟ್ಟಿಯಿಂದ ಅಷ್ಟು ದೂರ ನಡೆದು ಬಂದಿದ್ದ. ಕಾಲು ಹಿಮ್ಮಡಿಯಿಂದ ಕಣಕಾಲಿನ ತನಕ ಕಿತ್ತಳೆ ಬಣ್ಣ.

“ಇಷ್ಟೊತ್ತಿಗೆ ಬರೂದೇನ್ ಅಣ್ಣಾ?” ಎಂದ, ನಾನು ಬಾಯಿ ತೆರೆಯುವ ಮೊದಲೇ. “ನಸುಕಿನಾಗ ಬಿಡಬೇಕಿಲ್ಲೋ? ಹೋದ ವಾರದ ಎಣ್ಣಿ ನಿನ್ನೆನs ಮುಗದೈತಿ. ಡಬ್ಬಿನೂ ಸಣ್ಣದು ತಂದಿದ್ರಿ. ಹಟ್ಟಿ ತುಂಬ ಮಂದಿ ದಾರಿ ಕಾಯಾಕತ್ತಾರ.”

ಏನು ಜನವಪ್ಪ ಇವರು! ಮೊದಲ ಸಲ ಹೋದಾಗ ಕೂತಲ್ಲಿಂದ ಏಳದೆ ನನಗೆ ಸಮಾಧಾನ ಹೇಳಿದವನು ಇವನೇನಾ? ನಾನೂ ನಾಲ್ಕು ಮಾತು ಜೋಡಿಸಿಕೊಂಡೆ. ಆದರೆ ಅವನ ಕಾಲು ನೋಡುತ್ತ ಹಗ್ಗ ಎಳೆದು ಎತ್ತನ್ನು ನಿಲ್ಲಿಸಿದೆ.

“ಆತು, ಗಾಡಿ ಹತ್ತು,” ಎಂದೆ.

“ಬ್ಯಾಡ,” ಎಂದ ಹುಲಿಗೆಪ್ಪ. “ನಾ ನಡೀತೀನಿ. ನೀವು ಎತ್ತಿಗೆ ಸ್ವಲ್ಪ ಜೋರ ಹೇಳ್ರಿ.”

ಎತ್ತಿಗೆ ಜೋರು ಹೇಳಿದೆ. ಅವನು ಗಾಡಿಯ ಪಕ್ಕದಲ್ಲಿ ಗೊಣಗುತ್ತ ನಡೆದ, ಹಟ್ಟಿಯ ತನಕ.